ತಂಪು ಕೋಣೆಯ ಬಿಳಿ ಗಾದಿ

ಶಿವರುದ್ರಮ್ಮನಿಗೆ ಊರಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಇದ್ದಷ್ಟನ್ನೂ ಒಬ್ಬಳಿಗೇ ಎತ್ತಿಟ್ಟಿದ್ದಳು. ಅವಳು ಮಂಗಳಾ, ಗಂಡನ ತಮ್ಮ ದಯಾನಂದನ ಹೆಂಡತಿ, ವರಸೆಯಲ್ಲಿ ಓರಗಿತ್ತಿ, ಮನೆಯಲ್ಲಿ ಗೋಡೆಯಾಚೆಯವಳು. ಗೋಡೆ ಅಂದರೆ ಒಂದೇ ಮನೆಯನ್ನು ಎರಡು ಮಾಡಿದ ಗೋಡೆ. ಆಚೆ ಒಗ್ಗರಣೆ ಹಾಕಿದರೆ ಈಚೆ ಸೀನು ಬರುತ್ತಿತ್ತು.

ಕಿಚ್ಚು ಹತ್ತಿದ್ದು ಒಂದು ಕೋಣೆಯಿಂದ. ದಬ್ಬೇಘಟ್ಟದ ಕಡೆಯ ಆ ಊರಲ್ಲಿ ಯುಗಾದಿ ಕಳೆಯಿತೆಂದರೆ ತೋಟದ ನೆರಳೂ ಬಿಸಿಯಾಗುತ್ತದೆ. ಇನ್ನು ಬೂದು ಸಿಮೆಂಟ್ ಶೀಟು ಹೊದಿಸಿದ ಮನೆಯೊಳಗೆ ಮಧ್ಯಾಹ್ನ ಕೂತವರ ನೆತ್ತಿ ಬೇಯದೆ ಇರುತ್ತದೆಯೇ. ಅಂಥ ಮನೆಯಲ್ಲಿ ಮಂಗಳಾಳ ನಡುಕೋಣೆ ಒಂದು ಮಾತ್ರ ತಣ್ಣಗಿತ್ತು. ಫ್ಯಾನು ಹಾಕದಿದ್ದರೂ ಅಲ್ಲಿ ನಿದ್ದೆ ಬರುತ್ತಿತ್ತು. ಬಂದ ನೆಂಟರು ಶಿವರುದ್ರಮ್ಮನ ಮನೆಯಲ್ಲಿ ಉಂಡು, ಕೈ ಒರೆಸಿಕೊಳ್ಳುತ್ತಾ ಮಂಗಳಾಳ ಮನೆಗೆ ಮಲಗಲು ಹೋಗುತ್ತಿದ್ದರು. ಒಬ್ಬರಾದರೂ ಒಂದು ಸಲ ನಾಚಿಕೆಗಾದರೂ ಇಲ್ಲೇ ಉರುಳಿಕೊಳ್ಳುತ್ತೇನೆ ಅಂದವರಲ್ಲ.

ಆ ತಂಪು ಅವರ ಮಾವನ ಕೈಗುಣ. ಎಲ್ಲಿಯದೋ ಹಳೇ ಗಿರಣಿ ಮುಚ್ಚಿ ಅದರ ಸಾಮಾನು ಹರಾಜಾದಾಗ, ಬಾಯ್ಲರಿಗೆ ಸುತ್ತುತ್ತಿದ್ದ ದಪ್ಪನೆಯ ಬಿಳಿ ಗಾದಿಗಳನ್ನು ಮುದುಕಪ್ಪ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಬೆಂಕಿಯನ್ನೇ ತಡೆಯುವ ವಸ್ತುವಿಗೆ ಬಿಸಿಲು ಯಾವ ಲೆಕ್ಕ ಅಂತ ಹೇಳಿ, ಶೀಟಿನ ಕೆಳಗೆ ಬಿದಿರಿನ ತಟ್ಟಿ ಕಟ್ಟಿಸಿ, ಅದರ ಮೇಲೆ ಗಾದಿ ಹಾಸಿಸಿದ್ದ. ಗಾದಿಗಳು ಒಂದು ಕೋಣೆಗಷ್ಟೇ ಸಾಕಾದವು. ಮುದುಕಪ್ಪ ಆ ಕೋಣೆಯಲ್ಲೇ ತಣ್ಣಗೆ ಬದುಕಿ, ತುಂಬು ವಯಸ್ಸಿಗೆ ತಣ್ಣಗೆ ಹೋದ.

ಅವನು ಹೋದ ಮೇಲೆ ಪಾಲಾಯಿತು. ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು, ಇದು ಅಲ್ಲಿಯ ಪದ್ಧತಿ. ಶಿವರುದ್ರಮ್ಮನ ಗಂಡ ಮಲ್ಲಿಕಾರ್ಜುನಯ್ಯ ನ್ಯಾಯವಾಗಿ ಎರಡು ಪಾಲು ಮಾಡಿದ. ಒಂದು ಕಡೆಗೆ ದೊಡ್ಡ ಅಟ್ಟ, ಇನ್ನೊಂದು ಕಡೆಗೆ ನಡುಕೋಣೆ. ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ ಹೆಚ್ಚುಕಮ್ಮಿ ಒಂದು ವರ್ಷ ಮಲಗಿಸಿದರೆ, ನೀರು ಇಂಗಿ ಒಳಗಿನ ಕೊಬ್ಬರಿ ಉಂಡೆಯಾಗಿ ಕಳಚಿಕೊಂಡು ಲೊಡಲೊಡ ಅನ್ನುತ್ತದೆ. ಅದಕ್ಕೆ ಅಟ್ಟ ಬೆಚ್ಚಗಿರಬೇಕು. ಬುದ್ಧಿ ಇರುವ ತಮ್ಮ ಅಟ್ಟವನ್ನೇ ಆರಿಸುತ್ತಾನೆ ಅಂದುಕೊಂಡಿದ್ದ ಅಣ್ಣ. ದಯಾನಂದ ಹೆಂಡತಿಯ ಮುಖ ನೋಡಿದ. ಹೆಂಡತಿ ನಡುಕೋಣೆಯ ಬಾಗಿಲು ನೋಡಿದಳು. ಅಲ್ಲಿಗೆ ಮುಗಿಯಿತು.

ದೊಡ್ಡ ಅಟ್ಟ ಸಿಕ್ಕ ಶಿವರುದ್ರಮ್ಮನ ಮನೆಯ ಕೊಬ್ಬರಿಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರಾಯಿತು. ಅದನ್ನು ಅವಳು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ಕೈಯಲ್ಲಿರುವುದು ನಮಗೆ ಯಾವತ್ತು ಕಂಡಿದೆ. ಕೊಬ್ಬರಿಗೆ ಬೇಕಾದ ಬಿಸಿ ತನ್ನ ತಲೆಯ ಮೇಲೂ ಸುರಿಯುತ್ತಿದೆ, ಮಂಗಳಾ ಮಾತ್ರ ಅಲ್ಲಿ ಬೆವರಿಲ್ಲದೆ ಮಲಗಿದ್ದಾಳೆ, ಇಷ್ಟೇ ಕಾಣುತ್ತಿತ್ತು. ಮಂಗಳಾಳ ಮೈಬಣ್ಣ ಮಾಸದಿರುವುದಕ್ಕೂ ಆ ಕೋಣೆಯೇ ಕಾರಣ ಅಂತ ಸಂಘದ ಹೆಂಗಸರ ಮುಂದೆ ಅವಳು ಎಷ್ಟೋ ಸಲ ಹೇಳಿದ್ದಳು.

ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೆ ನಡೆಯಿತು. ಹಳೆಯ ಕಿಚ್ಚು ಬೂದಿಯಾಗಿ ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದಳು.

ಮಗ ಹುಳಿಯಾರಿನಲ್ಲಿ ಗೊಬ್ಬರದಂಗಡಿ ಇಟ್ಟುಕೊಂಡು ವಾರಕ್ಕೊಮ್ಮೆ ಬಂದುಹೋಗುತ್ತಿದ್ದ. ಸೊಸೆ ಸೌಂದರ್ಯ ಮತ್ತು ಕೂಸು ಇಲ್ಲೇ ಇದ್ದರು. ಎಲ್ಲರೂ ಪುಟ್ಟಿ ಅನ್ನುತ್ತಿದ್ದ ಆ ಕೂಸು ಹಾಲು ಕುಡಿಯುವುದು ಇಲ್ಲಿ, ಗಂಜಿ ತಿನ್ನುವುದು ಇಲ್ಲಿ, ಗಲೀಜು ಮಾಡುವುದೂ ಇಲ್ಲಿ. ಮಧ್ಯಾಹ್ನದ ನಿದ್ದೆ ಮಾತ್ರ ಆಚೆ. ಸೆಖೆಗೆ ಬೆವರುಸಾಲೆ ಎದ್ದು ಕೂಸು ಕಿರುಚುವುದನ್ನು ನೋಡಲಾರದೆ ಸೌಂದರ್ಯ ಅದನ್ನು ಎತ್ತಿಕೊಂಡು ಚಿಕ್ಕತ್ತೆಯ ನಡುಕೋಣೆಗೆ ಹೋಗುತ್ತಿದ್ದಳು. ಒಂದು ತಿಂಗಳಲ್ಲಿ ಅದು ಅಭ್ಯಾಸವಾಯಿತು. ಇನ್ನೊಂದು ತಿಂಗಳಲ್ಲಿ ಕೂಸೇ ಬಾಗಿಲ ಕಡೆ ಕೈ ತೋರಿಸಿತು. ನಡೆಯಲು ಕಲಿತ ಮೇಲೆ ಕೇಳಬೇಕೆ, ಗೆಜ್ಜೆ ಸದ್ದು ಮಾಡಿಕೊಂಡು ತಾನೇ ಹೋಗುತ್ತಿತ್ತು. ಗೋಡೆಯಾಚೆಯಿಂದ ಮಂಗಳಾಳ ಜೋಗುಳ ಕೇಳಿಸುತ್ತಿತ್ತು. ಒಳ್ಳೆಯ ಕಂಠ ಬೇರೆ, ದರಿದ್ರದ್ದು. ಶಿವರುದ್ರಮ್ಮ ಸರಿಯಾಗಿ ಆ ಹೊತ್ತಿಗೇ ಒರಳು ಎಳೆದುಕೊಂಡು ಮೆಣಸಿನಕಾಯಿ ಕುಟ್ಟಲು ಕೂರುತ್ತಿದ್ದಳು. ಘಾಟು ಗೋಡೆ ದಾಟಲಿ ಅಂತ ಅವಳ ಆಸೆ. ಘಾಟೆಲ್ಲ ಅವಳ ಕಣ್ಣಿಗೇ ಹೊಡೆಯುತ್ತಿತ್ತು.

ಈ ವರ್ಷ ಬೇಸಿಗೆಯ ಮೊದಲಿಗೆ ಆಚೆಯ ನಡುಕೋಣೆಯ ಬಿದಿರು ತಟ್ಟಿ ಒಂದು ಮೂಲೆಯಲ್ಲಿ ಕುಸಿಯಿತು. ಗಾದಿಯ ಬಟ್ಟೆ ಹರಿದು ಬಿಳಿ ಎಳೆಗಳು ಜೋತುಬಿದ್ದವು. ಮಂಗಳಾಳ ಮಗ ಉಜ್ವಲ್ ತಿಪಟೂರಿನಲ್ಲಿ ಮನೆ ಅಂಗಡಿಗಳಿಗೆ ಒಳಛಾವಣಿ ಹಾಕಿಸುವ ಕೆಲಸ ಹಿಡಿಯುತ್ತಿದ್ದ. ಹುಟ್ಟಿದಾಗಿನಿಂದ ಅದೇ ಗಾದಿಯ ಕೆಳಗೆ ಮಲಗಿದ್ದವನು ಅದರ ಹೊಟ್ಟೆಯೊಳಗೆ ಏನಿದೆ ಅಂತ ನೋಡಿದ್ದು ಆವತ್ತೇ ಮೊದಲು. ಟಾರ್ಚು ಬಿಟ್ಟು ನೋಡಿದವನು ಫ್ಯಾನು ಆರಿಸಿ ಎಲ್ಲರನ್ನೂ ಹೊರಗೆ ಕಳಿಸಿದ. ಗುಡಿಸಬೇಡಿ, ಮುಟ್ಟಬೇಡಿ ಅಂದ. ಮೂಗಿಗೆ ಒಳ್ಳೆಯ ಮಾಸ್ಕು ಕಟ್ಟಿಕೊಂಡು, ಸೋಪಿನ ನೀರು ಚಿಮುಕಿಸಿ, ಉಗುರಿನಷ್ಟು ತುಣುಕು ತೆಗೆದು ಎರಡು ಕವರಿನಲ್ಲಿ ಕಟ್ಟಿ, ಬೆಂಗಳೂರಿನಲ್ಲಿ ಪರೀಕ್ಷೆ ಮಾಡುವವರಿಗೆ ಕಳಿಸಿದ. ಇದು ಆಸ್ಬೆಸ್ಟಾಸ್ ಹೌದೋ ಅಲ್ಲವೋ ಅಂತ ಕಣ್ಣಲ್ಲಿ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ, ಸೂಕ್ಷ್ಮದರ್ಶಕದಲ್ಲೇ ನೋಡಬೇಕು ಅಂದ. ಕೋಣೆಗೆ ಬೀಗ ಬಿತ್ತು.

ಆವತ್ತು ಮಧ್ಯಾಹ್ನ ಸೌಂದರ್ಯ ಕೂಸನ್ನು ಎತ್ತಿಕೊಂಡು ಹೋದಷ್ಟೇ ವೇಗವಾಗಿ ವಾಪಸಾದಳು. ಚಿಕ್ಕತ್ತೆ ಬಾಗಿಲಲ್ಲೇ ನಿಲ್ಲಿಸಿ ಬೇಡ ಅಂದರಂತೆ. ಶಿವರುದ್ರಮ್ಮನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ನನ್ನ ಮೊಮ್ಮಗಳಿಗೆ ಬಾಗಿಲು ಹಾಕಲು ಇವಳು ಯಾರು ಅಂತ ಸಿಟ್ಟೂ ಬಂತು. ಎರಡೂ ಒಟ್ಟಿಗೇ ಬಂದವು, ಎರಡನ್ನೂ ಅವಳು ಬಿಡಲಿಲ್ಲ.

ಪರೀಕ್ಷೆಯ ಫಲ ಬಂದ ದಿನ ಉಜ್ವಲ್ ತಾನೇ ಬಂದು ದೊಡ್ಡಮ್ಮನ ಮುಂದೆ ಕೂತ.

“ಅದು ಕಲ್ಲಿನ ನಾರು ದೊಡ್ಡಮ್ಮ. ನಮ್ ತೆಂಗಿನ ನಾರಿನಂಗೆ ಕಂಡ್ರೂ ಅದಲ್ಲ. ಅಲ್ಲಾಡಿಸಿದ್ರೆ ಸಾಕು, ಕಣ್ಣಿಗೆ ಕಾಣದಂಗೆ ಎಳೆ ಹಾರ್ತವೆ. ಎದೆ ಒಳಕ್ಕೋದ್ರೆ ಮತ್ತೆ ಈಚೆಗೆ ಬರಲ್ಲ. ಇಪ್ಪತ್ತು ಮೂವತ್ತು ವರ್ಸ ಸುಮ್ನಿದ್ದು ಆಮೇಲೆ ಕಾಟ ಕೊಡ್ತವೆ.”

ನಿಮ್ಮ ಮನೆಯ ಬೂದು ಶೀಟಿನಲ್ಲೂ ಅದೇ ಇರಬಹುದು, ಆದರೆ ಅದು ಸಿಮೆಂಟಿನೊಳಗೆ ಕಚ್ಚಿಕೊಂಡಿರುವುದರಿಂದ ಒಡೆಯದೆ, ತೂತು ಕೊರೆಯದೆ, ಉಜ್ಜದೆ ಬಿಟ್ಟರೆ ಅಷ್ಟು ಭಯವಿಲ್ಲ ಅಂದ. ಗಾದಿಯದೇ ಹೆದರಿಕೆ, ಅದು ಸಡಿಲ. ಅದನ್ನು ತೆಗೆಸಿ ಅಲ್ಲಿಗೆ ತೆಂಗಿನ ನಾರಿನ ಹಲಗೆ ಹಾಕಿಸುತ್ತೇನೆ, ನಿಮ್ಮ ಕಡೆಗೂ ಹಾಕಿಸಲೇ ಅಂತ ಕೇಳಿದ. ಹುಡುಗ ಮನಸ್ಸಿನಿಂದಲೇ ಕೇಳಿದ್ದ. ಶಿವರುದ್ರಮ್ಮನಿಗೆ ಅದು ಅವನ ತಾಯಿಯ ಮಾತಾಗಿ ಕೇಳಿಸಿತು. ನಮಗೆ ಬಿಸಿಲು ಅಭ್ಯಾಸವಾಗಿದೆ, ನಿಮ್ಮದನ್ನು ನೀವು ನೋಡಿಕೊಳ್ಳಿ ಅಂದುಬಿಟ್ಟಳು. ಮಲ್ಲಿಕಾರ್ಜುನಯ್ಯ ಏನೋ ಹೇಳಲು ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಎಲೆ ಅಡಿಕೆ ಹಾಕಿಕೊಂಡ.

ಬೆಂಗಳೂರಿನಿಂದ ಜನ ಬಂದರು. ಕೊರೊನಾ ಕಾಲದ ಆಸ್ಪತ್ರೆಯವರ ಹಾಗೆ ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ. ಗಾದಿಗಳನ್ನು ನೀರಲ್ಲಿ ನೆನೆಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡೆರಡು ಸುತ್ತು ಸುತ್ತಿ, ಟೇಪು ಹಚ್ಚಿ, ಮೇಲೆ ‘ಅಪಾಯ’ ಅಂತ ಬರೆದು ಮಂಗಳಾಳ ಕೊಟ್ಟಿಗೆಯಲ್ಲಿ ಜೋಡಿಸಿದರು. ಇಂಥ ಕಸ ಒಯ್ಯುವ ಗಾಡಿ ಮುಂದಿನ ವಾರ ಬರುತ್ತದಂತೆ. ಕೋಣೆಯ ಒಂದೊಂದು ಮೂಲೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಆಮೇಲೆ ಉಜ್ವಲನ ಆಳುಗಳು ಹೊಸ ಒಳಛಾವಣಿ ಹಾಕಿದರು. ತೆಂಗಿನ ಮಟ್ಟೆಯ ನಾರನ್ನು ರಬ್ಬರ್ ಹಾಲಿನಲ್ಲಿ ಒತ್ತಿ ಮಾಡಿದ ಹಲಗೆ, ಶೀಟಿಗೂ ಹಲಗೆಗೂ ನಡುವೆ ಗಾಳಿ ಆಡಲು ಜಾಗ. ಸ್ನಾನದ ಒಲೆಯ ಹೊಗೆಕೊಳವೆ ಹಾದುಹೋಗುವ ಕಡೆ ನಾರು ಹಾಕಿದರೆ ಬೆಂಕಿಗೆ ಅಪಾಯ ಅಂತ ಅಲ್ಲಿ ಮಾತ್ರ ಬೇರೆ, ಉರಿಯದ ಉಣ್ಣೆಯಂಥದ್ದನ್ನು ಹಾಕಿದರು. ಶೀಟನ್ನು ಉಜ್ಜದೆ ಮೇಲೆ ಬಿಳಿ ಬಣ್ಣ ಬಳಿದರು. ಕೋಣೆ ಮೊದಲಿಗಿಂತ ತಂಪಾಯಿತು. ಹೊಸದಾಗಿ ಸುಲಿದ ಮಟ್ಟೆಯ ವಾಸನೆ ಬೇರೆ. ಶಿವರುದ್ರಮ್ಮ ನೋಡಲು ಹೋಗಿ ಚೆನ್ನಾಗಿದೆ ಅಂದಳು. ಅಂದವಳು ಮತ್ತೊಂದು ಸಲ ಮೇಲೆ ನೋಡದೆ ವಾಪಸಾದಳು. ಮಾರನೆಯ ಮಧ್ಯಾಹ್ನದಿಂದಲೇ ಪುಟ್ಟಿಯ ಗೆಜ್ಜೆ ಆಚೆಗೆ ಹೊರಟಿತು.

ಆವತ್ತು ರಾತ್ರಿ ಅವಳ ತಲೆಯೊಳಗೆ ಲೆಕ್ಕ ಶುರುವಾಯಿತು. ಗಾದಿ ಮಾವನದು. ಮಾವನ ಸೊತ್ತಿನಲ್ಲಿ ಅರ್ಧ ನಮ್ಮದು. ಅಷ್ಟು ವರ್ಷ ಅದರ ಕೆಳಗೆ ಮಲಗಿದವಳಿಗೆ ಒಂದು ನೆಗಡಿಯೂ ಆಗಿಲ್ಲ, ಮುದುಕಪ್ಪನಿಗೆ ಏನೂ ಆಗಲಿಲ್ಲ, ಈಗ ನಮ್ಮ ಕೈಗೆ ಸಿಗುವ ಹೊತ್ತಿಗೆ ಅದು ವಿಷವಾಯಿತೇ. ‘ಅಪಾಯ’ ಅಂತ ಬರೆದರೆ ಆಯಿತೇ, ನಾಯಿ ಇಲ್ಲದ ಮನೆಯವರೂ ನಾಯಿ ಇದೆ ಎಚ್ಚರಿಕೆ ಅಂತ ಬೋರ್ಡು ಹಾಕುತ್ತಾರೆ. ಹೊಸ ಹಲಗೆಯನ್ನು ಕೊಡುತ್ತೇನೆ ಅಂದರೂ ಬೇಡ ಅಂದವಳು ಹಳೆಯ ಗಾದಿಗೆ ಆಸೆಪಟ್ಟಳು. ಕೊಟ್ಟದ್ದು ಬೇಡ, ಮಂಗಳಾ ಅನುಭವಿಸಿದ್ದೇ ಬೇಕು. ಹೊಟ್ಟೆಕಿಚ್ಚಿನ ಬುದ್ಧಿ ಇರುವುದೇ ಹಾಗೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಮಂಗಳಾ ಒಳ್ಳೆಯ ಸೀರೆ ಉಟ್ಟು ಒಬ್ಬಳೇ ತುಮಕೂರಿನ ಬಸ್ಸು ಹತ್ತಿದ್ದನ್ನು ಶಿವರುದ್ರಮ್ಮ ನೋಡಿದಳು. ಎಲ್ಲಿಗೆ ಅಂದಿದ್ದಕ್ಕೆ ಸುಮ್ಮನೆ ಅಂದಿದ್ದಳು. ಸುಮ್ಮನೆ ಯಾರು ತುಮಕೂರಿಗೆ ಹೋಗುತ್ತಾರೆ, ಒಡವೆ ನೋಡಲೇ ಹೋಗಿರಬೇಕು. ಗಂಡಸರು ತೋಟಕ್ಕೆ, ಮಾರುಕಟ್ಟೆಗೆ ಹೋದರು. ಸೌಂದರ್ಯ ಆಧಾರ್ ತಿದ್ದಿಸಲು ತುರುವೇಕೆರೆಗೆ ಹೊರಟಳು. ಕೂಸನ್ನು ಬಿಸಿಲಲ್ಲಿ ಎಳೆದಾಡಬೇಡ, ನಾನಿಲ್ಲವೇ ಅಂತ ಶಿವರುದ್ರಮ್ಮ ಅದನ್ನು ಇಸಿದುಕೊಂಡಳು.

ಕೊಟ್ಟಿಗೆಗೆ ಬೀಗವಿರಲಿಲ್ಲ, ಬರೀ ಚಿಲಕ. ಹಿತ್ತಿಲ ಬೇಲಿಯ ಸಂದಿಯಲ್ಲಿ ಒಂದು ಮೂಟೆಯನ್ನು ಎಳೆದುಕೊಂಡು ಬಂದು ಕುಡುಗೋಲಿನಿಂದ ಸೀಳಿದಳು. ಗಾದಿ ಇನ್ನೂ ಒದ್ದೆ. ತೆಂಗಿನ ಸೀಮೆಯ ಹೆಣ್ಣಿಗೆ ನಾರಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಒದ್ದೆಯಾದ ನಾರಿನ ಹಾಸಿಗೆಯನ್ನು ಏನು ಮಾಡಬೇಕು? ಬಿಚ್ಚಿ ಬಿಸಿಲಿಗೆ ಹರಡಬೇಕು, ಒಣಗಿದ ಮೇಲೆ ಕೋಲಿನಲ್ಲಿ ಬಡಿಯಬೇಕು, ಗಂಟುಗಳನ್ನು ಬೆರಳಿನಿಂದ ಬಿಡಿಸಬೇಕು. ಬಡಿದಷ್ಟೂ ಅರಳುತ್ತದೆ. ಅವಳ ತಾಯಿ ಹಾಗೇ ಮಾಡುತ್ತಿದ್ದಳು, ಅವಳೂ ನಲವತ್ತು ವರ್ಷದಿಂದ ಹಾಗೇ ಮಾಡಿದ್ದಳು. ಬೆಂಗಳೂರಿನ ಜನ ಯಾಕೆ ನೆನೆಸಿದ್ದರು ಅನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ. ಕೂಸಿನ ತೊಟ್ಟಿಲ ಮೇಲೆ ಎರಡು ತೊಲೆಯ ನಡುವೆ ಇದನ್ನು ಕಟ್ಟಿದರೆ ಸಾಕು, ಇನ್ನು ಮಧ್ಯಾಹ್ನ ಯಾವ ಬಾಗಿಲಿಗೂ ಹೋಗಬೇಕಾಗಿಲ್ಲ. ಇಷ್ಟೇ ಅವಳಿಗೆ ಬೇಕಾಗಿದ್ದದ್ದು.

ಉರಿಬಿಸಿಲಿಗೆ ಗಾದಿ ಬೇಗ ಒಣಗಿತು. ಊಟದ ಹೊತ್ತು ಕಳೆದ ಮೇಲೆ ಕೋಲು ತೆಗೆದುಕೊಂಡು ಬಡಿಯಲು ಶುರುಮಾಡಿದಳು. ಬಿಳಿಯ ಧೂಳು ಎದ್ದು ಬಿಸಿಲಲ್ಲಿ ಮಿನುಗಿತು. ಒಳಗೆ ಮಲಗಿದ್ದ ಪುಟ್ಟಿ ಸದ್ದಿಗೆ ಎದ್ದು ಗೆಜ್ಜೆ ಕಾಲಲ್ಲಿ ಹಿತ್ತಿಲಿಗೆ ಬಂದಳು. ಹಾರುವ ಎಳೆಗಳನ್ನು ನೋಡಿ ನಿಂತಳು. ಆಮೇಲೆ ಎರಡೂ ಕೈ ಚಾಚಿ ಅವನ್ನು ಹಿಡಿಯಲು ಕುಣಿದಳು. ಅಜ್ಜಿ ಇನ್ನೊಂದು ಏಟು ಹಾಕಿದಳು, ಕೂಸು ಕೇಕೆ ಹಾಕಿ ನಕ್ಕಿತು. ಮತ್ತೊಂದು ಏಟು, ಮತ್ತೆ ಕೇಕೆ. ಮೊಮ್ಮಗಳು ತನ್ನೊಂದಿಗೆ ಹೀಗೆ ನಕ್ಕಿದ್ದು ಶಿವರುದ್ರಮ್ಮನಿಗೆ ನೆನಪಿರಲಿಲ್ಲ. ಬೇಕೆಂದೇ ಜೋರಾಗಿ ಬಡಿದಳು. ಅವಳಿಗೆ ಕಣ್ಣು ತುಂಬಿ ಬಂತು.

ತುಮಕೂರಿನಿಂದ ಬಂದ ಮಂಗಳಾ ಕೈಕಾಲು ತೊಳೆಯಲು ತನ್ನ ಹಿತ್ತಿಲಿಗೆ ಬಂದವಳು ಬೇಲಿಯಾಚೆ ಇದನ್ನು ಕಂಡಳು. ಕೂಗಲಿಲ್ಲ. ಬೇಲಿಯ ಸಂದಿಯಲ್ಲೇ ನುಗ್ಗಿ ಬಂದಳು, ಒಳ್ಳೆಯ ಸೀರೆ ಮುಳ್ಳಿಗೆ ಸಿಕ್ಕಿ ಹರಿಯಿತು. ಕೂಸನ್ನು ಬಾಚಿ ಎತ್ತಿಕೊಂಡು ತನ್ನ ಬಚ್ಚಲಿಗೆ ಓಡಿದಳು.

ಶಿವರುದ್ರಮ್ಮನಿಗೆ ಮೊದಲು ಅನ್ನಿಸಿದ್ದನ್ನು ಮುಚ್ಚಿಡುವುದು ಬೇಡ. ನಗುವ ಕೂಸನ್ನೂ ಕಿತ್ತುಕೊಂಡು ಹೋದಳಲ್ಲ ಅನ್ನಿಸಿತು. ಕೋಲು ಹಿಡಿದುಕೊಂಡೇ ಹಿಂದೆ ಹೋಗಿ, ಕೊಡು ನನ್ನ ಕೂಸನ್ನ ಅಂದಳು.

“ಕೊಡಕಿಲ್ಲ ಅಕ್ಕ,” ಅಂದಳು ಮಂಗಳಾ. “ಆ ಕೋಲು ಆಚೆಗೆ ಹಾಕಿ. ಅಲ್ಲೇ ನಿಂತು ತಲೆ ಮೇಲೆ ನೀರು ಹುಯ್ಕಳಿ. ಸೀರೆ ಒದರಬ್ಯಾಡಿ.”

ಕೂಸಿನ ಅಂಗಿಯನ್ನು ಒದ್ದೆ ಮಾಡಿಯೇ ಬಿಚ್ಚಿದಳು. ಮೂಗು, ಕಿವಿ, ಕೂದಲ ಬುಡ, ಬೆರಳ ಸಂದಿ ಎಲ್ಲ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಅದನ್ನು ನೋಡಿ ಶಿವರುದ್ರಮ್ಮ ಕೋಲು ಆಚೆಗೆ ಹಾಕಿದಳು. ಬಾಗಿಲಾಚೆ ನಿಂತು ಒಂದು ಕೊಡ ನೀರನ್ನು ತಲೆಯ ಮೇಲೆ ಸುರಿದುಕೊಂಡಳು.

ನೀರು ಹೊಯ್ಯುತ್ತಲೇ ಮಂಗಳಾ ಹೇಳಿದಳು. ತುಮಕೂರಿಗೆ ಹೋಗಿದ್ದು ಎದೆ ಸ್ಕ್ಯಾನು ತೋರಿಸಲು. ಪರೀಕ್ಷೆಯ ಫಲ ಬಂದ ದಿನದಿಂದ ನಿದ್ದೆ ಇರಲಿಲ್ಲ, ಯಾರಿಗೂ ಹೇಳದೆ ಮಾಡಿಸಿದ್ದಳು. ಶ್ವಾಸಕೋಶದ ಸುತ್ತಲ ಪೊರೆ ಅಲ್ಲಲ್ಲಿ ಗಟ್ಟಿಯಾಗಿದೆ ಅಂದರಂತೆ ಡಾಕ್ಟರು. ಕ್ಯಾನ್ಸರ್ ಅಲ್ಲ, ಆ ನಾರು ಒಳಗೆ ಹೋಗಿರುವುದರ ಗುರುತು ಅಷ್ಟೇ, ಆದರೆ ಬಿಡದೆ ತೋರಿಸಿಕೊಳ್ಳುತ್ತಿರಬೇಕು, ಮುಂದಿನ ಸಲ ಮನೆಯವರನ್ನು ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ ಅಂದಿದ್ದರು.

“ಈ ಕೂಸ್ನ ನಾನೇ ಕರ್ಕಂಡೋಗಿ ಅದ್ರಡೀಲಿ ಮಲಗಿಸ್ತಿದ್ದೆ ಅಕ್ಕ. ತಂಪು ಅಂತ ಬರ್ತಿತ್ತು, ನನ್ ಸೆರಗು ಹಿಡ್ಕಂಡು ಮಲಗ್ತಿತ್ತು. ನಿಮ್ಮನೇಲಿ ಕೂಸದೆ, ನಮ್ಮನೇಲಿಲ್ಲ ಅಂತ ನಂಗೂ ಉರೀತಿತ್ತು. ಅದಕ್ಕೇ ಕರೀತಿದ್ದೆ.”

ಶಿವರುದ್ರಮ್ಮ ಒದ್ದೆ ಸೀರೆಯಲ್ಲಿ ನಿಂತು ಕೇಳಿದಳು. ಇಷ್ಟು ವರ್ಷ ತಾನು ಯಾವುದಕ್ಕಾಗಿ ಬೆಂದಿದ್ದಳೋ ಅದು ಇವಳ ಎದೆಯೊಳಗೆ ಗಂಟು ಕಟ್ಟಿಕೊಂಡು ಕೂತಿದೆ. ಅದನ್ನೇ ತಾನು ಈಗ ಕೋಲಿನಲ್ಲಿ ಬಡಿದು ಬಡಿದು ಕೂಸಿನ ಬಾಯಿಗೆ ಹಾರಿಸಿದ್ದಳು, ನಗಲಿ ಅಂತ. ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಫೋನು ಮಾಡಿದ್ದಕ್ಕೆ ಉಜ್ವಲ್ ತಿಪಟೂರಿನಿಂದ ಬಂದ. ಬೈಯಲಿಲ್ಲ. ಮಾಸ್ಕು ಕಟ್ಟಿಕೊಂಡು ಹಿತ್ತಿಲಿಗೆಲ್ಲ ನೀರು ಚಿಮುಕಿಸಿ ಗಾದಿಯ ಮೇಲೆ ದಪ್ಪ ಪ್ಲಾಸ್ಟಿಕ್ಕು ಹೊದಿಸಿದ. ಮೂಟೆ ಕಟ್ಟಲು, ಮೇಲುಮಣ್ಣು ಕೆರೆಯಲು ಬೆಂಗಳೂರಿನ ಆ ಜನರೇ ಬರಬೇಕು, ಅಲ್ಲಿಯವರೆಗೆ ಯಾರೂ ಆ ಕಡೆ ಕಾಲಿಡಬಾರದು ಅಂದ. ಅಜ್ಜಿಯ ಸೀರೆ, ಕೂಸಿನ ಅಂಗಿ ಎರಡನ್ನೂ ಒದ್ದೆಯಲ್ಲೇ ಕವರಿಗೆ ಹಾಕಿ ಬಾಯಿ ಕಟ್ಟಿದ. ಒಂದು ಮಧ್ಯಾಹ್ನದ ಧೂಳಿಗೆ ಹೆಚ್ಚು ಅಪಾಯ ಇರಲಾರದು, ಆದರೆ ಏನೂ ಇಲ್ಲ ಅಂತ ನಾನು ಹೇಳಲಾರೆ, ಮಕ್ಕಳ ಡಾಕ್ಟರಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಬೇಕು ಅಂದ.

ಅಷ್ಟು ಹೊತ್ತಿಗೆ ಸೌಂದರ್ಯ ಬಂದಳು. ಜಗಲಿಯಲ್ಲಿ ತಲೆ ಒದ್ದೆಯಾದ ಕೂಸು ಮಂಗಳಾಳ ತೊಡೆಯ ಮೇಲಿತ್ತು. ತಲೆ ಒದ್ದೆಯಾದ ಅತ್ತೆ ಮೂಲೆಯಲ್ಲಿ ಮಂಗಳಾಳ ಸೀರೆ ಉಟ್ಟು ಕೂತಿದ್ದಳು. ಏನಾಯಿತು ಅಂತ ಸೌಂದರ್ಯ ಕೇಳಿದ್ದು ಅತ್ತೆಯನ್ನು. ಉತ್ತರ ಕೊಟ್ಟವಳು ಮಂಗಳಾ.

“ನಂದೇ ತಪ್ಪು ಕಣಮ್ಮ. ಕೊಟ್ಟಿಗೆ ಬಾಗ್ಲು ಹಾಕ್ದಲೆ ಹೋಗ್ಬುಟ್ಟೆ. ನಾಯಿ ಒಂದು ಮೂಟೆ ಎಳ್ಕಂಬಂದು ಹಿತ್ಲಲ್ಲಿ ಹರಿದಾಕದೆ. ಅಕ್ಕ ಏನಂತ ಗೊತ್ತಿಲ್ದೆ ಎತ್ತಾಕಕ್ಕೋಗವ್ರೆ, ಕೂಸೂ ಹಿಂದೆ ಹೋಗದೆ.”

ಶಿವರುದ್ರಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಸೊಸೆ ನಂಬಿದಳು. ಉಜ್ವಲ್ ತಾಯಿಯ ಮುಖ ನೋಡಿ ಸುಮ್ಮನಾದ. ಇನ್ನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಆದರೆ ಸೌಂದರ್ಯ ಚಿಕ್ಕತ್ತೆಯ ಪಕ್ಕ ಕೂತು, ಹೋಗಲಿ ಬಿಡಿ, ನೀವು ಇಲ್ಲದಿದ್ದರೆ ಏನು ಗತಿಯಾಗುತ್ತಿತ್ತು ಅಂತ ಅವಳ ಕೈ ಹಿಡಿದುಕೊಂಡಳು. ಶಿವರುದ್ರಮ್ಮ ಆ ಕೈಗಳನ್ನು ನೋಡಿದಳು. ತಪ್ಪು ತನ್ನದು, ಒಳ್ಳೆಯತನ ಅವಳದು. ಇನ್ನು ಸಾಯುವವರೆಗೆ ಮಂಗಳಾ ತನ್ನ ಮಾನ ಉಳಿಸಿದವಳು, ತಾನು ಅವಳ ಸುಳ್ಳಿನ ಕೆಳಗೆ ತಣ್ಣಗೆ ಮಲಗಬೇಕಾದವಳು. ಹಳೆಯ ಕಿಚ್ಚು ಅಡಿಯಿಂದ ಮುಡಿಯವರೆಗೆ ಹತ್ತಿತು. ಪಶ್ಚಾತ್ತಾಪ ಬಂದಿರಲಿಲ್ಲವೆಂದಲ್ಲ, ಆದರೆ ಅವಳ ಬಾಯಿ ತೆರೆಸಿದ್ದು ಪಶ್ಚಾತ್ತಾಪವಲ್ಲ. ಕಿಚ್ಚೇ ತೆರೆಸಿತು.

“ಸುಳ್ಳು,” ಅಂದಳು. “ನಾಯೀನೂ ಇಲ್ಲ ನರೀನೂ ಇಲ್ಲ. ನಾನೇ ಕದ್ದೆ. ನಾನೇ ಒಣಗಿಸ್ದೆ, ನಾನೇ ಬಡಿದೆ. ಕೂಸು ನಗ್ತಿತ್ತು ಅಂತ ಇನ್ನೂ ಬಡಿದೆ. ಅವ್ಳು ಬಂದು ಎತ್ಕಂಡೋಗೋಗಂಟ ಅದು ಅಲ್ಲೇ ಇತ್ತು. ಡಾಕ್ಟ್ರಿಗೆ ಇದ್ನೇ ಹೇಳು.”

ಸೌಂದರ್ಯ ಎದ್ದು ಕೂಸನ್ನು ಮಂಗಳಾಳ ತೊಡೆಯಿಂದ ಎತ್ತಿಕೊಂಡು ಒಳಗೆ ಹೋದಳು. ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳಿಸಿತು. ಕೆಂಕೆರೆಯ ತವರಿಗೆ ಹೊರಟಿದ್ದಳು, ಹುಳಿಯಾರಿನಲ್ಲಿ ಗಂಡನನ್ನು ಕರೆದುಕೊಂಡು ಮೊದಲು ಡಾಕ್ಟರ ಹತ್ತಿರ ಹೋಗಿ ಆಮೇಲೆ ಅಲ್ಲಿಗೆ. ಉಜ್ವಲ್ ಬಸ್‌ಸ್ಟಾಪಿಗೆ ಬಿಡಲು ಗಾಡಿ ತೆಗೆದ. ಮೆಟ್ಟಿಲು ಇಳಿಯುವ ಮೊದಲು ಅವಳು ಅತ್ತೆಯ ಮುಂದೆ ನಿಂತಳು. ಕಣ್ಣು ಕೆಂಪಾಗಿದ್ದವು.

“ನೀವ್ ಮಾಡಿದ್ದು ನಂಗೆ ಮರೆಯಕ್ಕಾಗಲ್ಲ ಅತ್ತೆ. ಆದ್ರೆ ನಿಜ ಹೇಳಿದ್ರಿ. ಹಿತ್ಲು ಮನೆ ಎಲ್ಲಾ ಚೊಕ್ಕ ಆದ್ಮೇಲೆ ಬತ್ತೀನಿ.” ಆಮೇಲೆ ಮಂಗಳಾಳ ಕಡೆ ತಿರುಗಿ, “ಕೂಸಿನ್ ವಿಸ್ಯದಲ್ಲಿ ನೀವು ಸುಳ್ಳು ಹೇಳ್ಬಾರ್ದಿತ್ತು ಚಿಕ್ಕತ್ತೆ,” ಅಂದಳು.

ಗಾಡಿ ಹೋಯಿತು. ಸೊಸೆಯ ಬಾಯಿಂದ ಮಂಗಳಾಳಿಗೆ ಸಿಗದ ಒಂದು ಮಾತು ಶಿವರುದ್ರಮ್ಮನಿಗೆ ಸಿಕ್ಕಿತ್ತು, ಇಷ್ಟು ವರ್ಷಕ್ಕೆ ಮೊದಲ ಸಲ. ಗೆದ್ದೆ ಅನ್ನಿಸಲಿ ಅಂತ ಅವಳು ಓರಗಿತ್ತಿಯ ಮುಖ ನೋಡಿದಳು. ಮಂಗಳಾ ಕೂಸು ಕೂತಿದ್ದ ತೊಡೆಯ ಮೇಲಿನ ಒದ್ದೆಯನ್ನು ಕೈಯಲ್ಲಿ ಸವರುತ್ತಾ ದಾರಿಯ ಕಡೆಗೇ ನೋಡುತ್ತಿದ್ದಳು. ಕೆಳತುಟಿ ಕಚ್ಚಿಕೊಂಡಿದ್ದಳು. ಆ ಮುಖ ಶಿವರುದ್ರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಮಧ್ಯಾಹ್ನ ಒರಳಿನ ಮುಂದೆ ಕೂತಾಗ ತನ್ನ ಮುಖ ಹೀಗೇ ಇರುತ್ತಿತ್ತು. ಒಳಗೆ ಏನು ಉರಿಯುತ್ತಿದೆ, ಎಲ್ಲಿ ಉರಿಯುತ್ತಿದೆ, ಎಲ್ಲ ಗೊತ್ತಿತ್ತು. ಗೆದ್ದ ಸಂತೋಷ ಬರಲೇ ಇಲ್ಲ.

ಶಿವರುದ್ರಮ್ಮನೇ ಕೇಳಿದಳು. “ಡಾಕ್ಟ್ರು ಮತ್ತೆ ಯಾವಾಗ ಬರಕ್ಕೇಳವ್ರೆ?”

“ಬರೋ ಸೋಮವಾರ.”

“ಯಾರು ಬತ್ತಾರೆ ಜೊತೇಲಿ?”

ಯಾರಿಗೂ ಹೇಳೇ ಇಲ್ಲವಲ್ಲ, ಯಾರು ಬರುತ್ತಾರೆ ಅಂದಳು ಮಂಗಳಾ.

“ನಾನು ಬತ್ತೀನಿ ಬುಡು,” ಅಂದಳು ಶಿವರುದ್ರಮ್ಮ. ಉಟ್ಟಿದ್ದ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ, “ಬಸ್ಸಲ್ಲಿ ಕಿಟಕಿ ಪಕ್ಕ ಮಾತ್ರ ನಾನೇ ಕೂರೋದು,” ಅಂದಳು.

ಮಂಗಳಾಳಿಗೆ ನಗು ಬಂತು. ನಗುತ್ತಾ ನಗುತ್ತಾ ಕೆಮ್ಮು ಬಂತು, ಬೇಗ ನಿಲ್ಲಲಿಲ್ಲ. ಶಿವರುದ್ರಮ್ಮ ಎದ್ದು ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಕೆಮ್ಮು ನಿಂತ ಮೇಲೂ ಆ ಕೈ ತೆಗೆಯಲಿಲ್ಲ.